ಧನುರ್ಮಾಸದಲ್ಲಿ ಕಾರಿನ ಪಾಲಿಶರ್ ಮನೆಯೊಳಗೆ: ಅವ್ವನ ತಿಜೋರಿ, ಬಚ್ಚಲ ಗಾಜು, ಅಪ್ಪನ ರೇಡಿಯೋ

ಡಿಸೆಂಬರ್ ನಡುವೆ ಧನುರ್ಮಾಸ ಶುರುವಾದರೆ ಹುಬ್ಬಳ್ಳಿಯಲ್ಲಿ ಕಾರ್ ಡಿಟೇಲಿಂಗ್ (ಕಾರನ್ನು ಒಳಗೂ ಹೊರಗೂ ತೊಳೆದು ಪಾಲಿಶ್ ಮಾಡುವ ಕೆಲಸ) ಮಾಡುವವರಿಗೆ ಕೆಲಸ ಕಡಿಮೆಯಾಗುತ್ತದೆ. ನಮ್ಮ ಕಡೆ ಬಹಳ ಮಂದಿ ಆ ತಿಂಗಳು ಹೊಸ ಗಾಡಿ ಮನೆಗೆ ತರುವುದಿಲ್ಲ. ಸಂಕ್ರಾಂತಿ ಆಗಲಿ ಅಂತ ಕಾಯುತ್ತಾರೆ. ಹೊಸ ಗಾಡಿ ಬರದಿದ್ದರೆ ಬಣ್ಣ ಕಾಯುವ ಕೋಟಿಂಗ್ ಇಲ್ಲ, ಪಿಪಿಎಫ್ ಅನ್ನುವ ಪಾರದರ್ಶಕ ಫಿಲ್ಮ್ ಅಂಟಿಸುವ ಕೆಲಸವೂ ಇಲ್ಲ. ಗೋಕುಲ ರೋಡ್ ಕಡೆ ಇರುವ ನನ್ನ ಸಣ್ಣ ಅಂಗಡಿಯಲ್ಲೂ ಹಾಗೇ. ಹಾಗಾಗಿ ಈ ಸಲ ಪಾಲಿಶರ್ (ಪಾಲಿಶ್ ಮಾಡುವ ಮೆಷಿನ್), ಪ್ಯಾಡು, ಬಾಟಲಿ ಎಲ್ಲ ಡಬ್ಬಿಗೆ ತುಂಬಿಕೊಂಡು ಧಾರವಾಡದ ಮನೆಗೆ ತಂದೆ. ಅಲ್ಲಿ ಕೈ ಹಚ್ಚಬೇಕಾದ ಸಾಮಾನು ಬೇಕಾದಷ್ಟಿತ್ತು. ಅವ್ವನ ಕಬ್ಬಿಣದ ತಿಜೋರಿ (ಬೀರು), ಬೋರಿನ ನೀರಿಗೆ ಬೆಳ್ಳಗಾದ ಬಚ್ಚಲ ಗಾಜು, ಅಪ್ಪನ ಹಳೇ ರೇಡಿಯೋ, ಪಡಸಾಲೆಯ ಸೋಫಾ.

ಇಂಥ ಕೆಲಸಕ್ಕೆ ಚಳಿಗಾಲವೇ ಸರಿ. ಧಾರವಾಡದ ಮಳೆಗಾಲ ಗೊತ್ತಲ್ವಾ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ತೇವ, ಹಾಸಿಗೆಯೂ ತೇವ. ಆಗ ಸೋಫಾ ತೊಳೆದರೆ ಒಣಗುವ ಮೊದಲೇ ಮುಗ್ಗಲು ವಾಸನೆ ಬರುತ್ತದೆ. ಜಂಗು (ತುಕ್ಕು) ತೆಗೆದ ತಗಡಿಗೆ ಪ್ರೈಮರ್ ಹಚ್ಚಿದರೆ ತೇವ ಅದರ ಕೆಳಗೇ ಸಿಕ್ಕಿಬಿಡುತ್ತದೆ. ಡಿಸೆಂಬರ್, ಜನವರಿಯಲ್ಲಿ ಗಾಳಿ ಒಣಗಿರುತ್ತದೆ, ಬಿಸಿಲು ಹದವಾಗಿರುತ್ತದೆ. ಬೆಳಗಿನ ಹೊತ್ತು ಮಾತ್ರ ಅವಸರ ಮಾಡಬಾರದು. ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗಿದ್ದರೆ ಕೋಣೆಯ ಬಿಸಿ ಸುಮಾರು 24 ಡಿಗ್ರಿಗಿಂತ ಕೆಳಗಿದೆ ಅಂತ ತಿಳಿಯಬೇಕು. ಅಂಥ ಹೊತ್ತಿನಲ್ಲಿ ಪೇಸ್ಟ್ ವ್ಯಾಕ್ಸ್ (ಹೊಳಪಿಗೆ ಹಚ್ಚುವ ಮೇಣ) ಕೂಡ ಬಿರುಸಾಗಿರುತ್ತದೆ. ಹಚ್ಚಿದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಕೂರುತ್ತದೆ. ಹನ್ನೊಂದು ಗಂಟೆಯ ಮೇಲೆ, ಪಡಸಾಲೆಗೆ ಬಿಸಿಲು ಬಂದ ಮೇಲೆ ಕೆಲಸ ಶುರು ಮಾಡುವುದು ಒಳ್ಳೆಯದು.

ಕಾರಿನ ಕೆಲಸದಿಂದ ಮನೆಗೆ ತರಬೇಕಾದ್ದು ಮುಖ್ಯವಾಗಿ ಕೆಲಸದ ಕ್ರಮ. ಬಾಟಲಿ ಆಮೇಲೆ. ಮೊದಲು ಮೇಲಿನ ಧೂಳು ತೊಳೆಯಬೇಕು. ಆಮೇಲೆ ತೊಳೆದರೂ ಹೋಗದೆ ಅಂಟಿಕೊಂಡದ್ದನ್ನು ತೆಗೆಯಬೇಕು. ಆಮೇಲೆ ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ, ಇದ್ದದ್ದರಲ್ಲೇ ಅತಿ ಮೃದುವಾದ ಪಾಲಿಶ್ ಹಾಕಿ ನೋಡಬೇಕು. ಅದು ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೆ ಹೋಗಬೇಕು. ಕೊನೆಗೆ ರಕ್ಷಣೆಗೆ ಒಂದು ಪದರ. ಮನೆಯಲ್ಲಿ ಇದರ ಜೊತೆ ಇನ್ನೊಂದು ಪ್ರಶ್ನೆ ಸೇರುತ್ತದೆ: ಇದು ಯಾವ ವಸ್ತು? ಕಾರಿನ ಹೊರಮೈಯಲ್ಲಿ ಬಣ್ಣ, ಗಾಜು, ಪ್ಲಾಸ್ಟಿಕ್, ರಬ್ಬರ್ ಬಿಟ್ಟರೆ ಹೆಚ್ಚೇನೂ ಇಲ್ಲ. ಮನೆಯಲ್ಲಿ ಬಾಗಿಲಿಗೊಂದು, ನೆಲಕ್ಕೊಂದು, ಪಾತ್ರೆಗೊಂದು. ಒಂದಕ್ಕೆ ಔಷಧವಾದದ್ದು ಪಕ್ಕದ್ದಕ್ಕೆ ವಿಷ.

ಅವ್ವನ ತಿಜೋರಿ

ಹೆಚ್ಚು ಹೊತ್ತು ಹೋದದ್ದು ಇದಕ್ಕೆ, ಹೆಚ್ಚು ಖುಷಿ ಕೊಟ್ಟದ್ದೂ ಇದೇ. ಎರಡು ಬಾಗಿಲಿನ ಹಸಿರು ತಿಜೋರಿ, ಒಂದು ಬಾಗಿಲಿಗೆ ಉದ್ದ ಕನ್ನಡಿ. ಅವ್ವ ಮದುವೆಯಾಗಿ ಬಂದಾಗಿನಿಂದ ಮನೆಯಲ್ಲಿದೆ. ಬಣ್ಣದ ಹೊಳಪು ಹೋಗಿ ಮೇಲೆ ಬಿಳಿ ಪುಡಿ ಕೂತಂತೆ ಕಾಣುತ್ತಿತ್ತು. ಬೆರಳಿನಿಂದ ಉಜ್ಜಿದರೆ ಬೆರಳಿಗೆ ತಿಳಿ ಹಸಿರು ಹತ್ತುತ್ತಿತ್ತು. ಇದು ಕೊಳೆ ಅಲ್ಲ. ಬಣ್ಣದ ಮೇಲಿನ ಪದರ ಗಾಳಿ, ಬೆಳಕಿಗೆ ಸತ್ತು ಪುಡಿಯಾಗಿರುತ್ತದೆ. ಹಳೇ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಗಾಡಿಗಳ ಬಾನೆಟ್ ನೋಡಿದವರಿಗೆ ಇದು ಹೊಸದಲ್ಲ.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ. ನಾವು ಪಾಲಿಶ್ ಮಾಡುವುದು ಅದನ್ನೇ. ಹಾಗಾಗಿ ಪ್ಯಾಡಿಗೆ ಬಣ್ಣ ಬಂದರೆ ಎದೆ ಧಸಕ್ಕೆನ್ನುತ್ತದೆ, ಕ್ಲಿಯರ್ ಕೋಟ್ ಸವೆದು ಬಣ್ಣಕ್ಕೇ ಹತ್ತಿದೆ ಅಂತ. ತಿಜೋರಿಯ ಕತೆ ಬೇರೆ. ಅದು ಸಿಂಗಲ್ ಸ್ಟೇಜ್. ಒಲೆಯಲ್ಲಿ ಕಾಯಿಸಿ ಕೂರಿಸಿದ ಎನಾಮಲ್, ಮೇಲಿನಿಂದ ತಗಡಿನವರೆಗೆ ಅದೇ ಬಣ್ಣ. ಪಾಲಿಶ್ ಮಾಡುವಾಗ ಪ್ಯಾಡ್ ಹಸಿರಾಗಲೇಬೇಕು. ಅವ್ವನಿಗೆ ಮಾತ್ರ ಅದನ್ನು ನೋಡಿ ತಡೆಯಲಿಲ್ಲ.

"ಏನ್ ಮಾಡಾಕತ್ತಿಯೋ ತಮ್ಮಾ? ಬಣ್ಣ ಎಲ್ಲಾ ಕಿತ್ತ ಬರಾಕತ್ತೈತಲ್ಲ!"

"ಸತ್ತ ಬಣ್ಣ ಅಷ್ಟ ಬರತೈತಿ ಬೇ. ಕೆಳಗಿಂದು ಹಂಗ ಇರತೈತಿ, ನೋಡ ನೀ."

ನಾನು ಹಾಗಂದರೂ ಕಣ್ಣಿನ ಅಂದಾಜು ನಂಬಿ ಮೆಷಿನ್ ಹಿಡಿಯಬಾರದು. ತಿಜೋರಿ ಕಬ್ಬಿಣದ ತಗಡಿನದು, ಹಾಗಾಗಿ ಕಾರಿನ ಬಣ್ಣದ ದಪ್ಪ ಅಳೆಯುವ ಪೇಂಟ್ ಥಿಕ್ನೆಸ್ ಮೀಟರ್ ಇದರ ಮೇಲೂ ಓಡುತ್ತದೆ. ಕಂಪನಿ ಬಣ್ಣದ ಕಾರಿನಲ್ಲಿ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್) ತೋರಿಸುತ್ತದೆ. ತಿಜೋರಿಯ ಬಾಗಿಲಿನ ನಡುವೆ 60ರ ಆಸುಪಾಸು ಬಂತು. ಅಂಚಿನ ಹತ್ತಿರ ಇನ್ನೂ ಕಡಿಮೆ. ಅಂದರೆ ಕಾರಿಗಿಂತ ಅರ್ಧದಷ್ಟು ಬಂಡವಾಳ. ಇಲ್ಲಿ ಉಣ್ಣೆ ಪ್ಯಾಡು, ಖಡಕ್ ಕಾಂಪೌಂಡ್ (ಒರಟು ಪಾಲಿಶ್) ಮಾತೇ ಬೇಡ ಅಂತ ಅಲ್ಲೇ ತೀರ್ಮಾನವಾಯಿತು.

ಇನ್ನೊಂದು ಪರೀಕ್ಷೆ ಥಿನ್ನರ್‌ದು. ಬಿಳಿ ಬಟ್ಟೆಯ ತುದಿಗೆ ಒಂದು ಹನಿ ಹಾಕಿ ತಿಜೋರಿಯ ಹಿಂಬದಿಯಲ್ಲಿ ಮೆಲ್ಲಗೆ ಒರೆಸಬೇಕು. ಬಣ್ಣ ಮೆತ್ತಗಾಗಿ ಅಂಟಂಟಾದರೆ ಅದು ಕಾಯಿಸಿದ ಬಣ್ಣವಲ್ಲ, ಆಮೇಲೆ ಯಾರೋ ಸುಮ್ನೆ ಹೊಡೆದದ್ದು. ಅಂಥ ಬಣ್ಣಕ್ಕೆ ದ್ರಾವಕ ಹಚ್ಚಬಾರದು. ನಮ್ಮದು ಗಟ್ಟಿಯಾಗಿ ನಿಂತಿತು.

ತೊಳೆಯುವ ಮೊದಲು ಒಳಗಿನ ಸಾಮಾನು ಹೊರಗೆ. ಇಳಕಲ್ ಸೀರೆಗಳನ್ನು ಅವ್ವನೇ ತೆಗೆದು ಮಂಚದ ಮೇಲಿಟ್ಟು ದುಪ್ಪಟಿ ಹೊದಿಸಿದಳು. ತಿಜೋರಿಗೆ ಕಾರಿನ ಹಾಗೆ ಪೈಪ್ ಹಿಡಿದು ನೀರು ಬಿಡುವಂತಿಲ್ಲ. ಬೀಗದೊಳಗೆ, ಕೀಲಿನೊಳಗೆ, ತಳದ ಮಡಿಕೆಯೊಳಗೆ ನೀರು ನಿಂತರೆ ಜಂಗು ಖಾತ್ರಿ. ಎರಡು ಬಕೆಟ್ ಇಟ್ಟುಕೊಂಡೆ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಮೈಕ್ರೊಫೈಬರ್ ಬಟ್ಟೆ ಶಾಂಪೂ ನೀರಿನಲ್ಲಿ ಅದ್ದಿ, ಹಿಂಡಿ, ಮೇಲಿನಿಂದ ಕೆಳಗೆ ಒಂದೇ ದಿಕ್ಕಿಗೆ ಒರೆಸುವುದು. ಪ್ರತಿ ಸಲ ಬರೀ ನೀರಿನಲ್ಲಿ ಜಾಲಿಸಿ ಮತ್ತೆ ಶಾಂಪೂಗೆ ಹೋಗುವುದು. ನವಲಗುಂದದ ಕಡೆಯ ಎರೆ ಮಣ್ಣಿನ ಧೂಳು, ನಮ್ಮ ಕಡೆಯ ಕೆಂಪು ಧೂಳು ಎರಡೂ ಗಾಳಿಯಲ್ಲಿ ಬಂದು ತಿಜೋರಿಯ ತಲೆಯ ಮೇಲೆ ಕೂತಿರುತ್ತವೆ. ಅದನ್ನು ಒಣ ಬಟ್ಟೆಯಿಂದ ಎಳೆದರೆ ಪ್ರತಿ ಕಣವೂ ಒಂದು ಗೆರೆ ಬಿಡುತ್ತದೆ. ಟಾರ್ಚ್ ಓರೆಯಾಗಿ ಹಿಡಿದು ನೋಡಿದರೆ ಬಾಗಿಲ ಮೇಲೆ ಸುತ್ತು ಸುತ್ತಾದ ಗೆರೆಗಳು ಕಾಣುತ್ತಿದ್ದವು. ಎಷ್ಟೋ ವರ್ಷ ಒಣ ಬಟ್ಟೆ ಆಡಿಸಿದ ಗುರುತು ಅದು. ಕಾರಿನವರು ಸ್ವರ್ಲ್ ಅನ್ನುವುದು ಇದನ್ನೇ.

ತೊಳೆದು ಒಣಗಿಸಿದ ಮೇಲೂ ಮೂರು ಥರದ ಕಲೆ ಉಳಿದವು. ಟಿಕಳಿಯ (ಹಣೆಗಿಡುವ ಬಿಂದಿಯ) ಗೋಂದು, ಟೇಪಿನ ಗುರುತು, ಅರಿಶಿನ ಕುಂಕುಮ.

ಕನ್ನಡಿಯ ಅಂಚಿನ ತುಂಬಾ ಟಿಕಳಿ. ಹೆಣ್ಣುಮಕ್ಕಳಿರುವ ಮನೆಯಲ್ಲಿ ಇದು ಇದ್ದದ್ದೇ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿದರೆ ಗೋಂದು ಸಡಿಲವಾಗುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದ ಎತ್ತಿ, ಉಳಿದ ಅಂಟನ್ನು ಕಾರಿನ ಡಾಂಬರ್ ತೆಗೆಯುವ ದ್ರಾವಕದಲ್ಲಿ ಒರೆಸಿದೆ. ಅದಿಲ್ಲದವರಿಗೆ ಸೀಮೆಎಣ್ಣೆಯೂ ನಡೆಯುತ್ತದೆ, ಆಮೇಲೆ ಶಾಂಪೂ ನೀರಿನಲ್ಲಿ ಒರೆಸಬೇಕು ಅಷ್ಟೇ. ಕನ್ನಡಿಯ ಅಂಚಿನಿಂದ ದ್ರಾವಕ ಹಿಂದೆ ಇಳಿಯದ ಹಾಗೆ ಬಟ್ಟೆಗೆ ಹಾಕಿಕೊಂಡು ಒರೆಸಬೇಕು, ಗಾಜಿನ ಮೇಲೆ ನೇರವಾಗಿ ಸುರಿಯಬಾರದು. ಕನ್ನಡಿಯ ಹಿಂದಿನ ಬೆಳ್ಳಿ ಪದರ ಅಂಚಿನಿಂದಲೇ ಕಪ್ಪಾಗುವುದು. ಒಮ್ಮೆ ಕಪ್ಪಾದರೆ ಯಾವ ಪಾಲಿಶಿಗೂ ಅದು ಮರಳುವುದಿಲ್ಲ.

ಅರಿಶಿನದ್ದು ಬೇರೆ ಲೆಕ್ಕ. ಪ್ರತಿ ದೀಪಾವಳಿ ಲಕ್ಷ್ಮೀ ಪೂಜೆಗೆ ತಿಜೋರಿಗೆ ಅರಿಶಿನ, ಕುಂಕುಮ, ವಿಭೂತಿ ಹಚ್ಚುತ್ತಾರೆ. ದಸರೆಯ ಆಯುಧ ಪೂಜೆಯಾದ ಮೇಲೆ ಬಾನೆಟ್ ಮೇಲಿನ ಕಲೆ ತೆಗೆಸಲು ಬರುವ ಕಾರುಗಳದ್ದೂ ಇದೇ ಸಮಸ್ಯೆ. ಮೊದಲು ಸೋಪು ಹಾಕಿ ತಿಕ್ಕುವುದು ಸರಿಯಲ್ಲ. ಸೋಪಿನಲ್ಲಿ ಕ್ಷಾರ ಇರುತ್ತದೆ, ಅರಿಶಿನಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಕುಂಕುಮ ಮಾಡುವವರು ಅರಿಶಿನಕ್ಕೆ ಸುಣ್ಣ ಬೆರೆಸುವುದು ಇದೇ ಕಾರಣಕ್ಕೆ. ಅರಿಶಿನದ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಆಲ್ಕೋಹಾಲಿನಲ್ಲಿ ಕರಗುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆಗೆ ಹಾಕಿ, ಒತ್ತಿ ಹಿಡಿದು ಎತ್ತಬೇಕು. ಬಟ್ಟೆ ಹಳದಿಯಾಗುತ್ತಾ ಹೋಗುತ್ತದೆ, ತಿಜೋರಿ ತಿಳಿಯಾಗುತ್ತಾ ಬರುತ್ತದೆ. ಬಣ್ಣದೊಳಗೇ ಇಳಿದ ತಿಳಿ ಹಳದಿ ಸ್ವಲ್ಪ ಉಳಿಯಿತು. ಅದನ್ನು ಪಾಲಿಶಿಗೆ ಬಿಟ್ಟೆ.

ಆಮೇಲೆ ಕ್ಲೇ, ಅಂದರೆ ತೊಳೆದರೂ ಹೋಗದ ಕಣ ಎತ್ತುವ ಜೇಡಿಮಣ್ಣಿನಂಥ ಮುದ್ದೆ. ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ತೊಳೆದ ಬಾಗಿಲ ಮೇಲೆ ಬೆರಳಾಡಿಸಿ ನೋಡಿ. ಬರಿಗೈಗೆ ತಿಳಿಯದ ಗರಗರ ಆಗ ತಿಳಿಯುತ್ತದೆ. ಅಡುಗೆಮನೆಯ ಒಗ್ಗರಣೆ ಹೊಗೆ, ಊದುಬತ್ತಿ ಹೊಗೆ, ಗೋಡೆಗೆ ಸುಣ್ಣ ಹೊಡೆದಾಗ ಸಿಡಿದ ಸಣ್ಣ ಹನಿ ಎಲ್ಲ ಅಲ್ಲಿ ಅಂಟಿತ್ತು. ಮೃದು ಜಾತಿಯ ಕ್ಲೇ ಬಾರನ್ನು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟೆ, ಚಳಿಗೆ ಅದು ಕಲ್ಲಾಗಿರುತ್ತದೆ. ಶಾಂಪೂ ನೀರು ಸಿಂಪಡಿಸಿ, ಒತ್ತಡ ಹಾಕದೆ ಜಾರಿಸುತ್ತಾ ಹೋದೆ. ಸ್ವಲ್ಪ ಸ್ವಲ್ಪಕ್ಕೆ ಮಡಚಿ ಹೊಸ ಮುಖ ತಿರುಗಿಸಬೇಕು. ಕ್ಲೇ ನೆಲಕ್ಕೆ ಬಿದ್ದರೆ ಅದನ್ನು ಎಸೆದುಬಿಡಿ. ಅದರಲ್ಲಿ ಹತ್ತಿದ ಒಂದು ಮರಳಿನ ಕಣ ಇಡೀ ಬಾಗಿಲು ಗೀರುತ್ತದೆ.

ಜಂಗು ಇದ್ದದ್ದು ತಳದಲ್ಲಿ. ನೆಲ ಒರೆಸುವಾಗ ನೀರು ದಿನವೂ ತಿಜೋರಿಯ ಕಾಲಿಗೆ ತಾಗುತ್ತದೆ, ಹಾಗಾಗಿ ಬಹಳ ಮನೆಗಳಲ್ಲಿ ಅದು ಸಾಯಲು ಶುರುವಾಗುವುದು ಕೆಳಗಿನಿಂದಲೇ. ಅಂಗಡಿಯ ಹುಡುಗನನ್ನು ಕರೆಸಿ ಇಬ್ಬರೂ ಸೇರಿ ಖಾಲಿ ತಿಜೋರಿಯನ್ನು ಓರೆ ಮಾಡಿ ಕಟ್ಟಿಗೆ ತುಂಡಿನ ಮೇಲೆ ನಿಲ್ಲಿಸಿದೆವು. "ಅಣ್ಣಾರ, ಇದನ್ನ ಪೂರಾ ಕೆರೀಬೇಕೇನ್ರಿ?" ಅಂತ ಕೇಳಿದ. ಪೂರಾ ಕೆರೆಯಲೇಬೇಕು. ಉಬ್ಬಿದ ಬಣ್ಣದ ಕೆಳಗೆ ಜಂಗು ನಮ್ಮ ಕಣ್ಣಿಗೆ ಕಂಡದ್ದಕ್ಕಿಂತ ಒಂದು ಬೆರಳು ಮುಂದೆ ಹೋಗಿರುತ್ತದೆ. ತಂತಿ ಬ್ರಷ್, ಆಮೇಲೆ 120 ನಂಬರ್ ಸ್ಯಾಂಡ್ ಪೇಪರ್, ಆಮೇಲೆ 240 (ನಂಬರ್ ದೊಡ್ಡದಾದಷ್ಟು ಪೇಪರ್ ನಯ). ಗುಂಡಿಯಲ್ಲಿ ಉಳಿದ ಕೆಂಪಿಗೆ ಫಾಸ್ಫಾರಿಕ್ ಆಮ್ಲ ಇರುವ ರಸ್ಟ್ ಕನ್ವರ್ಟರ್ ಹಚ್ಚಿದೆ. ಅದು ಜಂಗನ್ನು ಗಟ್ಟಿಯಾದ ಕಪ್ಪು ಫಾಸ್ಫೇಟ್ ಪದರ ಮಾಡುತ್ತದೆ. ಮರುದಿನ ರೆಡ್ ಆಕ್ಸೈಡ್ ಪ್ರೈಮರ್, ಅದು ಒಣಗಿದ ಮೇಲೆ ಬಣ್ಣ ಹೊಂದಿಸಿ ತಂದ ಹಸಿರು ಎನಾಮಲ್. ತಳದ ಮಡಿಕೆಯೊಳಗೆ ಕಾರಿನ ಬಾಗಿಲೊಳಗೆ ಹೊಡೆಯುವ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿದೆ. ಕಾಲಿನ ಕೆಳಗೆ ದಪ್ಪ ರಬ್ಬರ್ ತುಂಡು ಇಟ್ಟೆ. ಹೊಳಪು ಬೇಡ ಅನ್ನುವವರೂ ಇಷ್ಟು ಮಾತ್ರ ಮಾಡಿ ಅಂತ ನಾನು ಹೇಳುತ್ತೇನೆ. ತಿಜೋರಿಯ ಆಯುಷ್ಯ ಇರುವುದು ಇಲ್ಲಿ.

ಈಗ ಪಾಲಿಶ್. ಸುತ್ತುತ್ತಲೇ ಅತ್ತಿತ್ತ ಆಡುವ ಡ್ಯುಯಲ್ ಆ್ಯಕ್ಷನ್ ಮೆಷಿನ್, 15 ಮಿಲಿಮೀಟರ್ ತಿರುವು, 5 ಇಂಚಿನ ಫೋಮ್ ಪ್ಯಾಡ್. ಬರೀ ಸುತ್ತುವ ರೋಟರಿಯನ್ನು ಮನೆಯೊಳಗೆ ತರಬೇಡಿ. ಅದು ಒಂದೇ ಕಡೆ ಬಿಸಿ ಏರಿಸುತ್ತದೆ, ತೆಳು ಬಣ್ಣವನ್ನು ಕ್ಷಣದಲ್ಲಿ ಸುಡುತ್ತದೆ, ಪಾಲಿಶನ್ನು ಗೋಡೆಗೆಲ್ಲ ಸಿಡಿಸುತ್ತದೆ. ಸುತ್ತ ಹಳೇ ಧೋತರ ಹಾಸಿದೆ, ಗೋಡೆಗೆ ಪ್ಲಾಸ್ಟಿಕ್ ಇಳಿಬಿಟ್ಟೆ. ಬೀಗದ ಕಿಂಡಿ, ನಿಕ್ಕಲ್ ಹಿಡಿಕೆ, ಕನ್ನಡಿಯ ಪಟ್ಟಿ, ಬಾಗಿಲಿನ ಎಲ್ಲ ಏಣಿಗೂ ಮಾಸ್ಕಿಂಗ್ ಟೇಪ್. ಏಣಿನಲ್ಲಿ ಬಣ್ಣ ಯಾವಾಗಲೂ ತೆಳು. ಅಲ್ಲಿ ಮೆಷಿನ್ ಹೋಗಲೇಬಾರದು, ಕೊನೆಗೆ ಕೈಯಿಂದ ಮಾಡಬೇಕು.

ಗೋಡೆಯ ಬದಿಗೆ ಬರುವ ಮೈಯಲ್ಲಿ ಒಂದು ಅಡಿ ಜಾಗ ಪರೀಕ್ಷೆಗೆ. ಮೃದು ಪ್ಯಾಡ್, ಫಿನಿಶಿಂಗ್ ಪಾಲಿಶ್. ಪುಡಿ ಹೋಗಿ ಹಸಿರು ಹೊರಬಂತು, ಗೆರೆ ಮಾತ್ರ ಉಳಿದವು. ಅದೇ ಪಾಲಿಶ್ ಇಟ್ಟುಕೊಂಡು ಪ್ಯಾಡ್ ಮಾತ್ರ ಮಧ್ಯಮಕ್ಕೆ ಬದಲಿಸಿದೆ. ಗೆರೆ ಬಹಳಷ್ಟು ಹೋದವು. ಮೀಟರ್ ಇಟ್ಟರೆ ಮೊದಲಿಗೂ ಈಗಿಗೂ ಹೇಳುವಂಥ ವ್ಯತ್ಯಾಸ ಇಲ್ಲ. ಅಲ್ಲಿಗೆ ನಿಲ್ಲಿಸಬೇಕು. ಉಳಿದ ಆಳವಾದ ಗೀರುಗಳ ಬೆನ್ನು ಹತ್ತಿದರೆ ತಗಡೇ ಕಾಣುತ್ತದೆ. ನಲವತ್ತು ವರ್ಷದ ತಿಜೋರಿಗೆ ನಾಲ್ಕು ಗೀರು ಇದ್ದರೆ ತಪ್ಪೇನಿಲ್ಲ ಅಂತ ನನ್ನ ಅಭಿಪ್ರಾಯ.

ಪ್ಯಾಡಿಗೆ ಕಡಲೆ ಕಾಳಿನಷ್ಟು ನಾಲ್ಕು ಹನಿ. ಎರಡು ಅಡಿ ಚೌಕ ಜಾಗ. ಎರಡನೇ ಸ್ಪೀಡಿನಲ್ಲಿ ಹರಡಿ, ನಾಲ್ಕರಲ್ಲಿ ಕೆಲಸ. ಮೊದಲು ಅಡ್ಡ, ಆಮೇಲೆ ಉದ್ದ, ಒಂದು ಸಾಲು ಇನ್ನೊಂದರ ಮೇಲೆ ಅರ್ಧ ಬರುವ ಹಾಗೆ. ತಗಡು ಒಂದು ಮಿಲಿಮೀಟರಿಗಿಂತ ತೆಳು, ಹಿಂದೆ ಆಸರೆ ಇಲ್ಲ, ಹಾಗಾಗಿ ಬಾಗಿಲು ಗಡಗಡ ಅನ್ನುತ್ತದೆ. ಬಾಗಿಲು ಹಾಕಿ ಬೀಗ ತಿರುಗಿಸಿಟ್ಟರೆ ಸದ್ದು ನಿಲ್ಲುತ್ತದೆ, ಪಾಲಿಶೂ ಸಮ ಬರುತ್ತದೆ. ಒಂದು ಚೌಕ ಮುಗಿದ ಕೂಡಲೇ ಪ್ಯಾಡನ್ನು ಬ್ರಷ್‌ನಿಂದ ಉಜ್ಜಿ ಟವೆಲ್‌ಗೆ ಒತ್ತಿ ತಿರುಗಿಸಬೇಕು. ಸಿಂಗಲ್ ಸ್ಟೇಜ್ ಬಣ್ಣದಲ್ಲಿ ಇದನ್ನು ಬಿಟ್ಟರೆ ಪ್ಯಾಡ್ ತುಂಬಾ ಸತ್ತ ಬಣ್ಣ ಕೂತು, ತೆಗೆದದ್ದನ್ನೇ ಮತ್ತೆ ಹಚ್ಚುತ್ತಾ ಹೋಗುತ್ತದೆ. ಪ್ಯಾಡುಗಳು ಬಹಳ ಬೇಕು. ಕೆಲಸದ ಅರ್ಧ ಹೊತ್ತು ಹೋದದ್ದು ಪ್ಯಾಡ್ ಸ್ವಚ್ಛ ಮಾಡುವುದಕ್ಕೇ.

ರಕ್ಷಣೆಗೆ ಸೆರಾಮಿಕ್ ಕೋಟಿಂಗ್ ಹಾಕಲಿಲ್ಲ. ಮನೆಯೊಳಗೆ ಮಳೆ ಇಲ್ಲ, ಸುಡುವ ಬಿಸಿಲಿಲ್ಲ. ಅದರ ದ್ರಾವಕದ ವಾಸನೆ ಮಲಗುವ ಕೋಣೆಗೆ ಬೇಡ. ಕಾರ್ನೌಬಾ ಪೇಸ್ಟ್ ವ್ಯಾಕ್ಸ್ ಸಾಕು. ಅಂಗೈಯಲ್ಲಿ ಬಿಸಿ ಮಾಡಿ, ತೆಳುವಾಗಿ ಹಚ್ಚಿ, ಮಬ್ಬು ಕೂತ ಮೇಲೆ ಒರೆಸಿದೆ. ಹಳೇ ಎನಾಮಲ್ ಮೇಲೆ ವ್ಯಾಕ್ಸ್ ಕೊಡುವ ಆಳದ ಹಸಿರು ನನಗೆ ಯಾವ ಕೋಟಿಂಗಿನಲ್ಲೂ ಕಂಡಿಲ್ಲ. ಅವ್ವ ಬಾಗಿಲ ಮುಂದೆ ನಿಂತು, "ಇದು ತಂದ ದಿನ ಹಿಂಗ ಇತ್ತ ನೋಡಪಾ" ಅಂದಳು. ಇನ್ನು ಮುಂದೆ ಅರಿಶಿನ ವ್ಯಾಕ್ಸಿನ ಮೇಲೆ ಕೂರುತ್ತದೆ. ಪೂಜೆಯಾದ ಮರುದಿನ ಒದ್ದೆ ಬಟ್ಟೆಗೆ ಬರುತ್ತದೆ. ದಸರೆಗೆ ಮೊದಲು ಒಂದು ಸಲ ಹೊಸ ಪದರ ಹಚ್ಚಿದರಾಯಿತು.

ಬಚ್ಚಲ ಗಾಜು, ನಳ, ಸಿಂಕು

ಧಾರವಾಡದಲ್ಲಿ ಕುಡಿಯಲು ಮಲಪ್ರಭೆಯ ನೀರು. ಅದು ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಿಂದ ಬರುತ್ತದೆ. ದಿನವೂ ಬರುವುದಿಲ್ಲ, ಹಾಗಾಗಿ ಬಳಸಲು ಬಹಳ ಮನೆಗಳಲ್ಲಿ ಬೋರ್. ಬೋರಿನ ನೀರಿನಲ್ಲಿ ಸುಣ್ಣ ಜಾಸ್ತಿ. ಹನಿ ಒಣಗಿದಾಗ ನೀರು ಹೋಗುತ್ತದೆ, ಕ್ಯಾಲ್ಸಿಯಂ ಕಾರ್ಬೋನೇಟ್ ಉಳಿಯುತ್ತದೆ. ಬಿಸಿಲಲ್ಲಿ ತೊಳೆದ ಕಾರಿನ ಗಾಜಿನ ಮೇಲೆ ಬರುವ ಬಿಳಿ ಚುಕ್ಕಿ ಇದೇ. ಸೋಪಿಗೆ ಇದು ಹೋಗುವುದಿಲ್ಲ, ಹುಳಿಗೆ ಹೋಗುತ್ತದೆ.

ಅರ್ಧ ಲೀಟರ್ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ). ಗಾಜಿನ ಮೇಲೆ ಟಿಶ್ಯೂ ಕಾಗದ ಅಂಟಿಸಿ ಅದರ ಮೇಲೆ ಸಿಂಪಡಿಸಿದರೆ ನೀರು ಕೆಳಗಿಳಿಯದೆ ಅಲ್ಲೇ ನಿಲ್ಲುತ್ತದೆ. ಹತ್ತು ನಿಮಿಷ ಒದ್ದೆಯಾಗಿಯೇ ಇಡಬೇಕು. ಆಮೇಲೆ ಮೆಲ್ಲಗೆ ಉಜ್ಜಿ ತೊಳೆಯುವುದು. ಹಳೆಯ ಪದರಕ್ಕೆ ಮತ್ತೆ ಮಾಡಬೇಕಾಗುತ್ತದೆ.

ಆದರೆ ಕೆಳಗೆ ನೋಡಿ. ನಮ್ಮ ಕಡೆ ಬಚ್ಚಲಿಗೆ, ಹಿತ್ತಲಿಗೆ ಶಹಾಬಾದ್ ಪರಸಿ ಹಾಸಿರುತ್ತಾರೆ. ಅದು ಸುಣ್ಣದ ಕಲ್ಲು. ಕಡಪಾ ಕಲ್ಲೂ ಅದೇ ಜಾತಿ. ಗಾಜಿನ ಮೇಲಿನ ಸುಣ್ಣ ತಿನ್ನುವ ಹುಳಿ ನೆಲದ ಕಲ್ಲನ್ನೂ ತಿನ್ನುತ್ತದೆ. ಹನಿ ಬಿದ್ದ ಕಡೆ ಹೊಳಪು ಹೋಗಿ ಮಬ್ಬು ಕಲೆ ನಿಲ್ಲುತ್ತದೆ, ಅದನ್ನು ತೊಳೆದು ತೆಗೆಯಲು ಆಗುವುದಿಲ್ಲ. ನೆಲವನ್ನು ಮೊದಲೇ ನೀರಿನಿಂದ ತೋಯಿಸಿ, ಮೇಲೆ ಪ್ಲಾಸ್ಟಿಕ್ ಹಾಸಿ ಕೆಲಸ ಮಾಡಿದೆ. ಮಾರ್ಬಲ್ ಇದ್ದವರಿಗೂ ಇದೇ ಮಾತು. ಇನ್ನೊಂದು, ಹುಳಿ ಇರುವ ಯಾವುದನ್ನೂ ಬ್ಲೀಚಿಂಗ್ ಪುಡಿಯ ಜೊತೆ ಬೆರೆಸಬೇಡಿ. ಕ್ಲೋರಿನ್ ಅನಿಲ ಹುಟ್ಟುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ಸುಣ್ಣ ಹೋದ ಮೇಲೂ ಗಾಜಿನಲ್ಲಿ ಮಸುಕು ಉಂಗುರಗಳು ಉಳಿದರೆ ಅವು ಗಾಜಿನೊಳಗೇ ಕೊರೆದಿವೆ. ಅದಕ್ಕೆ ವಿಂಡ್‌ಶೀಲ್ಡಿಗೆ ಬಳಸುವ ಸೀರಿಯಂ ಆಕ್ಸೈಡ್ ಪುಡಿ ನೀರಿನಲ್ಲಿ ಕಲಸಿ, ಫೆಲ್ಟ್ ಪ್ಯಾಡಿನಲ್ಲಿ, ಯಾವಾಗಲೂ ಒದ್ದೆ ಇಟ್ಟುಕೊಂಡು ಪಾಲಿಶ್ ಮಾಡಬೇಕು. ಒಣಗಿದರೆ ಗಾಜು ಬಿಸಿಯೇರಿ ಬಿರುಕು ಬಿಡಬಹುದು. ತುಂಬಾ ನಿಧಾನದ ಕೆಲಸ. ಮುಖದ ಎತ್ತರಕ್ಕೆ ಬರುವಷ್ಟು ಜಾಗ ಮಾಡಿ ಉಳಿದದ್ದನ್ನು ಬಿಟ್ಟೆ. ಕೊನೆಗೆ ಕಾರಿನ ಮುಂದಿನ ಗಾಜಿಗೆ ಹಾಕುವ ನೀರು ಜಾರಿಸುವ ಕೋಟಿಂಗ್ ಹಾಕಿ, ಗೋಡೆಗೆ ಒಂದು ರಬ್ಬರ್ ವೈಪರ್ ನೇತುಹಾಕಿದೆ. ಸ್ನಾನ ಆದ ಮೇಲೆ ನಾಲ್ಕು ಸಲ ಎಳೆದರೆ ಹನಿಯೇ ನಿಲ್ಲುವುದಿಲ್ಲ.

ನಳದ ಕ್ರೋಮಿಗೂ ಅದೇ ನಿಂಬೆ ಉಪ್ಪಿನ ನೀರು, ಆದರೆ ಎರಡು ನಿಮಿಷ ಮಾತ್ರ, ತಕ್ಷಣ ತೊಳೆಯಬೇಕು. ಕ್ರೋಮ್ ಲೇಪ ತುಂಬಾ ತೆಳು. ಕಾಂಪೌಂಡ್ ಹಾಕಿ ತಿಕ್ಕಿದರೆ ಕೆಳಗಿನ ಹಿತ್ತಾಳೆ ಇಣುಕುತ್ತದೆ. ಸ್ಟೀಲ್ ಸಿಂಕಿಗೆ ಮೆಷಿನ್ ಹಿಡಿಯುವ ಆಸೆ ಯಾರಿಗಾದರೂ ಆಗುತ್ತದೆ. ಬೇಡ. ಸಿಂಕಿನ ಸ್ಟೀಲಿಗೆ ಒಂದೇ ದಿಕ್ಕಿನ ಸಣ್ಣ ಎಳೆಗಳಿರುತ್ತವೆ. ಮೆಷಿನ್ ಅವನ್ನು ಅಳಿಸಿ ಒಂದೊಂದು ಕಡೆ ಕನ್ನಡಿ ಮಾಡುತ್ತದೆ, ನೋಡಲು ಚೆನ್ನಾಗಿರುವುದಿಲ್ಲ. ಕೈಯಲ್ಲಿ, ಎಳೆಯ ಉದ್ದಕ್ಕೇ ಒರೆಸಬೇಕು. ಸಂಡಾಸಿಗೆ ಹಾಕುವ ಆ್ಯಸಿಡ್ ಸಿಂಕಿನ ಹತ್ತಿರ ತರಬೇಡಿ. ಅದರಲ್ಲಿರುವ ಹೈಡ್ರೊಕ್ಲೋರಿಕ್ ಆಮ್ಲ ಸ್ಟೇನ್‌ಲೆಸ್ ಸ್ಟೀಲನ್ನೂ ತೂತು ತೂತು ಮಾಡುತ್ತದೆ.

ರೇಡಿಯೋದ ಮುಖ

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಅಪ್ಪನಿಗೆ ಆ ನಿಲಯ ಬಿಟ್ಟು ಬೇರೆ ನಿಲಯ ಬೇಕಿರಲಿಲ್ಲ. ಅವರ ರೇಡಿಯೋ ಈಗಲೂ ಹಾಡುತ್ತದೆ, ಆದರೆ ಮುಳ್ಳು ಓಡುವ ಪಟ್ಟಿಯ ಮೇಲಿನ ಪ್ಲಾಸ್ಟಿಕ್ ಎಷ್ಟು ಗೀರಿತ್ತೆಂದರೆ ಅಂಕಿ ಕಾಣುತ್ತಿರಲಿಲ್ಲ.

ಹಳದಿಗಟ್ಟಿದ ಹೆಡ್‌ಲೈಟ್ ತಿಳಿ ಮಾಡುವ ವಿದ್ಯೆಯೇ ಇಲ್ಲಿಗೂ. ಒದ್ದೆ ವಾಟರ್ ಪೇಪರಿನಲ್ಲಿ ಗೀರನ್ನು ಸಣ್ಣ ಗೀರಾಗಿ, ಸಣ್ಣದನ್ನು ಇನ್ನೂ ಸಣ್ಣದಾಗಿ ಮಾಡುತ್ತಾ ಹೋಗಿ ಕೊನೆಗೆ ಪಾಲಿಶ್. ಹೆಡ್‌ಲೈಟಿಗೆ 800ರಿಂದ ಶುರು ಮಾಡುತ್ತೇವೆ. ರೇಡಿಯೋಕ್ಕೆ ಅಷ್ಟು ಒರಟು ಬೇಡ. 2000, ಆಮೇಲೆ 3000, ಆಮೇಲೆ ಫಿನಿಶಿಂಗ್ ಪಾಲಿಶ್ ಬೆರಳಿಗೆ ಸುತ್ತಿದ ಬಟ್ಟೆಯಲ್ಲಿ. ಮೆಷಿನ್ ಹಿಡಿದರೆ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಎಳೆದುಕೊಳ್ಳುತ್ತದೆ.

ತೊಳೆಯುವಾಗ ಆಲ್ಕೋಹಾಲ್ ಬೇಡವೇ ಬೇಡ. ಕಾರಿನ ಬಣ್ಣ ಒರೆಸಲು ನಾವು ದಿನವೂ ಬಳಸುವ ಅದೇ ದ್ರವ ಅಕ್ರಿಲಿಕ್ ಪ್ಲಾಸ್ಟಿಕ್ಕಿಗೆ ತಾಗಿದರೆ ಒಳಗೆ ಸಣ್ಣ ಸಣ್ಣ ಬಿರುಕಿನ ಬಲೆ ಏಳುತ್ತದೆ. ಅಮೋನಿಯಾ ಇರುವ ಗಾಜಿನ ಸ್ಪ್ರೇ ಕೂಡ ಬೇಡ. ಶಾಂಪೂ ನೀರು ಸಾಕು. ಪಟ್ಟಿಯ ಹಿಂಬದಿಯನ್ನು ಮುಟ್ಟಲೇ ಇಲ್ಲ. ಅಂಕಿಗಳನ್ನು ಅಚ್ಚು ಮಾಡಿರುವುದು ಅಲ್ಲೇ, ಒರೆಸಿದರೆ ಮೀಟರ್ ಪಟ್ಟಿಯೇ ಮಾಯ. ಈಗ ಸಂಜೆ ಬೆಳಕಿನಲ್ಲೂ ಅಂಕಿ ಓದಲು ಬರುತ್ತದೆ.

ಸೋಫಾ, ಜೋಕಾಲಿ

ಸೋಫಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರ್ ಸೀಟಿನ ಕೆಲಸವೇ ಅದು. ಮೊದಲು ಒಣ ವ್ಯಾಕ್ಯೂಮ್, ಗಿರ್ಮಿಟ್ ಎಣ್ಣೆ ಬಿದ್ದ ಕಡೆ ಫ್ಯಾಬ್ರಿಕ್ ಕ್ಲೀನರ್, ಮೆತ್ತನೆ ಬ್ರಷ್, ಆಮೇಲೆ ಎಕ್ಸ್‌ಟ್ರಾಕ್ಟರಿನಲ್ಲಿ ನೀರು ಬಿಟ್ಟು ಅಲ್ಲೇ ಎಳೆಯುವುದು. ನೀರು ಬಿಡುವುದಕ್ಕಿಂತ ಎಳೆಯುವ ಸುತ್ತು ಜಾಸ್ತಿ ಇರಬೇಕು. ಫ್ಯಾನ್ ಹಾಕಿ, ಕಿಟಕಿ ತೆಗೆದಿಟ್ಟೆ. ಆ ಒಣಗಾಳಿಗೆ ಮರುದಿನ ಮಧ್ಯಾಹ್ನದ ಹೊತ್ತಿಗೆ ಕೂರಲು ಸಿದ್ಧ. ಸಿಪ್ಪೆ ಏಳುತ್ತಿರುವ ರೆಕ್ಸಿನ್ ಸೋಫಾ ಇದ್ದವರು ಮಾತ್ರ ದುಡ್ಡು ಹಾಕಬೇಡಿ. ಮೇಲಿನ ಪಾಲಿಯುರೆಥೇನ್ ಪದರ ಬಟ್ಟೆಯಿಂದ ಬಿಟ್ಟುಕೊಂಡ ಮೇಲೆ ಯಾವ ಕಂಡೀಷನರಿಗೂ ಅದು ಮತ್ತೆ ಅಂಟುವುದಿಲ್ಲ. ಹೊಸ ಹೊದಿಕೆ ಹೊಲಿಸುವುದೇ ದಾರಿ.

ಜೋಕಾಲಿಯ ಸಾಗವಾನಿ ಹಲಗೆಗೆ ಹಳೇ ಸ್ಪಿರಿಟ್ ಪಾಲಿಶ್ ಇದೆ. ಅದು ಅರಗು, ಸ್ಪಿರಿಟಿನಲ್ಲಿ ಕರಗಿಸಿ ಹಚ್ಚಿದ್ದು. ಅಡಿಭಾಗದಲ್ಲಿ ಒಂದು ಹನಿ ಸ್ಪಿರಿಟ್ ಇಟ್ಟರೆ ಅಂಟಂಟಾಯಿತು, ಅಂದರೆ ಖಾತ್ರಿ. ಇದಕ್ಕೂ ಆಲ್ಕೋಹಾಲ್ ತಾಗಿಸಬಾರದು, ನೀರು ನಿಲ್ಲಿಸಬಾರದು. ಒದ್ದೆ ಹಿಂಡಿದ ಬಟ್ಟೆ, ಆಮೇಲೆ ಬರೀ ಪೇಸ್ಟ್ ವ್ಯಾಕ್ಸ್. ಡ್ಯಾಶ್‌ಬೋರ್ಡಿಗೆ ಹಚ್ಚುವ ಸಿಲಿಕೋನ್ ಡ್ರೆಸ್ಸಿಂಗ್ ಮರಕ್ಕೆ ಹಾಕಿದರೆ ಆ ದಿನಕ್ಕೆ ಹೊಳೆಯುತ್ತದೆ. ಮುಂದೆ ಬಡಿಗೇರರು ಹೊಸ ಪಾಲಿಶ್ ಹಚ್ಚಲು ಬಂದಾಗ ಅದು ಕೂರದೆ ಕಣ್ಣು ಕಣ್ಣಾಗಿ ಒಡೆಯುತ್ತದೆ. ಹಿತ್ತಾಳೆ ಸರಪಳಿಗೆ ಅವ್ವ ಮೊದಲು ಹುಣಸೆಹಣ್ಣು ಹಚ್ಚಿ ತೊಳೆದಳು, ಆಮೇಲೆ ನಾನು ಮೆಟಲ್ ಪಾಲಿಶ್ ಹಾಕಿದೆ. ಒರೆಸಿ, ವ್ಯಾಕ್ಸ್ ಹಚ್ಚಿದರೆ ಕಪ್ಪಾಗುವುದು ತಡವಾಗುತ್ತದೆ. ದೇವರ ಮನೆಯ ದೀಪಕ್ಕೂ ಇದನ್ನೇ ಮಾಡಬಹುದು. ಕುಡಿಯುವ ನೀರಿನ ತಾಮ್ರದ ಹಂಡೆ, ಅಡುಗೆ ಪಾತ್ರೆಗೆ ಕಾರಿನ ಬಾಟಲಿ ಯಾವುದೂ ಹೋಗಬಾರದು. ಅಲ್ಲಿ ಹುಣಸೆಹಣ್ಣೇ ಸರಿ.

ಕಾರಿನ ಕೆಲಸ ಮತ್ತೆ ಶುರುವಾಗುವ ಮೊದಲು ಪ್ಯಾಡುಗಳನ್ನು ಬೇರೆ ಮಾಡಿದೆ. ಜಂಗು ಇದ್ದ ಕಬ್ಬಿಣ, ಹಿತ್ತಾಳೆ, ಸುಣ್ಣದ ಗಾಜು ಮುಟ್ಟಿದ ಪ್ಯಾಡು, ಬಟ್ಟೆ ಎಷ್ಟು ತೊಳೆದರೂ ಒಳಗೆ ಒಂದೆರಡು ಗಟ್ಟಿ ಕಣ ಉಳಿದಿರಬಹುದು. ಅದು ಕಪ್ಪು ಕಾರಿನ ಬಾಗಿಲ ಮೇಲೆ ಓಡಿದರೆ ಏನಾಗುತ್ತದೆ ಅಂತ ಈ ಕೆಲಸದವರಿಗೆ ಹೇಳಬೇಕಿಲ್ಲ. ಹಿಂಬದಿಗೆ ಮಾರ್ಕರಿನಲ್ಲಿ "ಮನೆ" ಅಂತ ಬರೆದು, ಬೆಚ್ಚಗಿನ ಶಾಂಪೂ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಪ್ರತ್ಯೇಕ ಡಬ್ಬಿಯಲ್ಲಿ ಅವ್ವನ ತಿಜೋರಿಯ ಮೇಲೇ ಇಟ್ಟಿದ್ದೇನೆ. ಪಕ್ಕದ ಮನೆಯ ಕಾಕಾ ಈಗಾಗಲೇ ಬಂದು ನೋಡಿ ಹೋಗಿದ್ದಾರೆ. ಅವರದ್ದು ಕಂದು ಬಣ್ಣದ ತಿಜೋರಿ, ಒಂದೇ ಬಾಗಿಲು. ತಳದಲ್ಲಿ ಜಂಗು ನಮ್ಮದಕ್ಕಿಂತ ಜಾಸ್ತಿ ಇದೆ, ಹಾಗಾಗಿ ಅಲ್ಲಿ ಮೊದಲು ತಂತಿ ಬ್ರಷ್.